ವರ್ಷಗಟ್ಟಲೆ ಒಗ್ಗಿದ್ದ ಕ್ರೀಮು ಈಗೇಕೆ ತುರಿಸುತ್ತದೆ?

ಆರು ವರ್ಷಗಳಿಂದ ಒಂದೇ ಕ್ರೀಮು ಹಚ್ಚುತ್ತಿದ್ದೀರಿ, ಈಗ ಕೆನ್ನೆ ಕೆಂಪಾಗಿ ತುರಿಸುತ್ತಿದೆ, ಇಷ್ಟು ವರ್ಷ ಏನೂ ಮಾಡದ ಕ್ರೀಮು ಈಗ ಕಾರಣವಾಗಲು ಸಾಧ್ಯವೇ ಎಂದು ಕೇಳಿದ್ದೀರಿ. ಖಂಡಿತ ಸಾಧ್ಯ. ನಾನು ವೈದ್ಯನಲ್ಲ, ಧಾರವಾಡದಲ್ಲಿ ಔಷಧದಂಗಡಿ ನಡೆಸುವವನು. ನಿಮ್ಮ ಪ್ರಶ್ನೆಯನ್ನು ಗಲ್ಲಾಪೆಟ್ಟಿಗೆಯ ಮುಂದೆ ಕೂತು ಬಹಳ ಸಲ ಕೇಳಿದ್ದೇನೆ. ನಕಲಿ ಮಾಲು ಕೊಟ್ಟಿರೆಂದು ನನ್ನ ಮೇಲೆಯೇ ಹರಿಹಾಯ್ದವರೂ ಇದ್ದಾರೆ.

ಸಂಪರ್ಕದಿಂದ ಬರುವ ಅಲರ್ಜಿ ಹುಟ್ಟಿನಿಂದ ಬಂದದ್ದಲ್ಲ, ಬಳಸುತ್ತ ಬಳಸುತ್ತಲೇ ಹುಟ್ಟುವಂಥದ್ದು. ಕ್ರೀಮಿನಲ್ಲಿರುವ ಯಾವುದೋ ಸಣ್ಣ ಅಣು ಚರ್ಮದೊಳಗೆ ಇಳಿದು ನಮ್ಮದೇ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ದೇಹವನ್ನು ಕಾಯುವ ಟಿ ಕೋಶಗಳು ಅದನ್ನು ಪರಕೀಯವೆಂದು ಗುರುತು ಹಾಕಿಕೊಂಡವೋ, ಮುಗಿಯಿತು. ಆ ಗುರುತು ಬೀಳಲು ಕೆಲವರಿಗೆ ಕೆಲವೇ ವಾರ ಸಾಕು, ಕೆಲವರಿಗೆ ವರ್ಷಗಳೇ ಹಿಡಿಯುತ್ತವೆ. ಹಾಗಾಗಿ ‘ಇಷ್ಟು ವರ್ಷ ಏನೂ ಆಗಿರಲಿಲ್ಲ’ ಎಂಬುದು ಕ್ರೀಮಿನ ಪರವಾದ ಸಾಕ್ಷಿಯಲ್ಲ.

ತುರಿಕೆ ಏಳುವುದೂ ಹಚ್ಚಿದ ಕೂಡಲೇ ಅಲ್ಲ, ಒಂದೆರಡು ದಿನ ಕಳೆದ ಮೇಲೆ. ಅಷ್ಟರೊಳಗೆ ಮನೆಯವರೆಲ್ಲ ಸೇರಿ ಮೊನ್ನೆ ತಿಂದ ಬದನೆಕಾಯಿ ನಂಜಾಯಿತೆಂದು ತೀರ್ಪು ಕೊಟ್ಟಿರುತ್ತಾರೆ. ಪಾಪ, ಬದನೆಕಾಯಿ. ಹಚ್ಚಿದ ಕೆಲವೇ ನಿಮಿಷಗಳಲ್ಲಿ ಉರಿದು ಶಮನವಾಗುತ್ತಿದ್ದರೆ ಅದರ ಲೆಕ್ಕ ಬೇರೆ: ಚಳಿಗಾಲದ ಒಣಗಾಳಿಗೋ, ಹೊಸದಾಗಿ ಶುರುಮಾಡಿದ ರೆಟಿನಾಲ್ ಅಥವಾ ಗ್ಲೈಕೋಲಿಕ್ ಆಮ್ಲದ ಲೇಪಕ್ಕೋ ಚರ್ಮದ ಮೇಲ್ಪದರ ಸೋತಿರುತ್ತದೆ. ಅದು ಚೇತರಿಸಿಕೊಂಡರೆ ಹಳೆಯ ಕ್ರೀಮು ಮತ್ತೆ ಒಗ್ಗಬಹುದು. ಅಲರ್ಜಿಯಾದರೆ ಒಗ್ಗುವ ಮಾತಿಲ್ಲ.

ನಾನು ಕಣ್ಣಾರೆ ಕಂಡ ಸ್ಪಷ್ಟ ಉದಾಹರಣೆ ಕ್ರೀಮಿನದಲ್ಲ, ಟಿಕಳಿಯದು. ನಮ್ಮ ಗಿರಾಕಿಯೊಬ್ಬರು ಮದುವೆಯಾದಾಗಿನಿಂದ ಅಂಟಿನ ಟಿಕಳಿಯನ್ನೇ ಇಟ್ಟುಕೊಂಡು ಬಂದವರು. ಹಣೆಯ ನಡುವೆ ಟಿಕಳಿಯಷ್ಟೇ ದುಂಡಗೆ ಕಪ್ಪುಗೆಂಪು ಗಾಯ, ಅಂಚಿನಲ್ಲಿ ಹೊಟ್ಟು ಎದ್ದಿತ್ತು. ಗಾಯ ಕಾಣಬಾರದೆಂದು ಅದರ ಮೇಲೆ ಇನ್ನೂ ದೊಡ್ಡ ಟಿಕಳಿ! ಇಂಥ ಅಂಟುಗಳಲ್ಲಿ ಪ್ಯಾರಾ ಟರ್ಷಿಯರಿ ಬ್ಯುಟೈಲ್‌ಫೀನಾಲ್ ಎಂಬ ರಾಸಾಯನಿಕ ಇರುವುದುಂಟು. ಅದು ತುರಿಕೆ ತರುವುದಲ್ಲದೆ ಬಣ್ಣ ಕೊಡುವ ಕೋಶಗಳನ್ನೇ ಕೊಂದು ಬಿಳಿ ಮಚ್ಚೆಯನ್ನೂ ಉಳಿಸಬಲ್ಲದು. ಚರ್ಮದ ವೈದ್ಯರನ್ನು ಕಾಣಲು ಹೇಳಿ ಕಳಿಸಿದೆ.

ಟಿಕಳಿ ತನ್ನ ಗುರುತನ್ನು ಹಣೆಯ ಮೇಲೆ ಬರೆದಿಡುತ್ತದೆ, ಕ್ರೀಮು ಬರೆಯುವುದಿಲ್ಲ. ಅದರಲ್ಲಿ ಮೊದಲು ಸಂಶಯಿಸಬೇಕಾದವು ಸುಗಂಧ ಮತ್ತು ಕ್ರೀಮು ಕೆಡದಂತೆ ಬೆರೆಸುವ ಸಂರಕ್ಷಕಗಳು. ಲಿಮೊನೀನ್, ಲಿನಲೂಲ್ ಎಂಬ ಸುಗಂಧಗಳು ಗಾಳಿ ತಾಗಿ ಹಳತಾದಂತೆ ಅಲರ್ಜಿ ತರುವ ಗುಣ ಹೆಚ್ಚುತ್ತದೆ, ಅಂದರೆ ಹೊಸತಾಗಿದ್ದಾಗ ಸುಮ್ಮನಿದ್ದ ಬಾಟಲಿಯೇ ತಳ ಕಾಣುವಾಗ ಕಾಡಬಹುದು. ಮೀಥೈಲ್‌ಐಸೋಥಯಜೋಲಿನೋನ್ ಎಂಬ ಸಂರಕ್ಷಕವನ್ನು ಯುರೋಪಿನ ಒಕ್ಕೂಟ 2017ರಿಂದ ತೊಳೆಯದೆ ಬಿಡುವ ಪ್ರಸಾಧನಗಳಲ್ಲಿ ನಿಷೇಧಿಸಿದೆ. ಕಂಪನಿಯವರು ಹೆಸರು, ಡಬ್ಬಿ ಹಾಗೆಯೇ ಇಟ್ಟು ಒಳಗಿನ ಪಾಕವನ್ನು ಬದಲಿಸುವುದೂ ಉಂಟು. ಹಳೆಯ ಡಬ್ಬಿ ಇದ್ದರೆ ಎರಡರ ಮೇಲಿನ ಘಟಕಗಳ ಪಟ್ಟಿಯನ್ನೂ ಹೋಲಿಸಿ ನೋಡಿ.

ಈಗ ಮುಖಕ್ಕೆ ಹಚ್ಚುವುದನ್ನೆಲ್ಲ ನಿಲ್ಲಿಸಿ. ಬರೀ ನೀರು, ಒಣಗಿದರೆ ಸುಗಂಧವಿಲ್ಲದ ಪೆಟ್ರೋಲಿಯಂ ಜೆಲ್ಲಿ, ಅಷ್ಟೇ. ದಯವಿಟ್ಟು ನನ್ನಂಥವನ ಅಂಗಡಿಗೆ ಬಂದು ‘ತುರಿಕೆಗೆ ಒಂದು ಟ್ಯೂಬ್ ಕೊಡಿ’ ಎನ್ನಬೇಡಿ. ಹಾಗೆ ಕೇಳಿ ಒಯ್ಯುವ ಮಿಶ್ರಣದ ಮುಲಾಮುಗಳಲ್ಲಿ ಬಲವಾದ ಸ್ಟೀರಾಯ್ಡ್ ಇರುತ್ತದೆ. ನಾಲ್ಕು ದಿನ ಸುಖ, ಬಿಟ್ಟರೆ ದುಪ್ಪಟ್ಟು ಕೆಂಪು, ಬಿಡದಿದ್ದರೆ ಚರ್ಮವೇ ತೆಳುವಾಗುತ್ತದೆ. ಕೆಲವದರಲ್ಲಿರುವ ನಿಯೋಮೈಸಿನ್ ಎಂಬ ಆ್ಯಂಟಿಬಯೋಟಿಕ್ ತಾನೇ ಒಂದು ಹೆಸರುವಾಸಿ ಅಲರ್ಜಿಕಾರಕ.

ಮುಖ ಪೂರ್ತಿ ತಿಳಿಯಾದ ಮೇಲೆ ಆ ಕ್ರೀಮನ್ನು ಮೊಣಕೈ ಒಳಮಡಿಕೆಯ ಬಳಿ ನಾಣ್ಯದಗಲ, ದಿನಕ್ಕೆರಡು ಸಲ, ವಾರದಿಂದ ಹತ್ತು ದಿನ ಹಚ್ಚಿ ನೋಡಿ. ಕೆಂಪೆದ್ದರೆ ಅಲ್ಲಿಗೇ ಬಿಡಿ. ಸೋಪು, ಶಾಂಪೂಗಳನ್ನು ಹೀಗೆ ಪರೀಕ್ಷಿಸಬಾರದು, ತೊಳೆಯದೆ ಬಿಟ್ಟರೆ ಅವು ಯಾರ ಚರ್ಮವನ್ನಾದರೂ ಕೆಣಕುತ್ತವೆ. ರೆಪ್ಪೆ, ತುಟಿ ಊದಿಕೊಂಡರೆ ಅಥವಾ ಉಸಿರು ಕಟ್ಟಿದರೆ ಪ್ರಯೋಗವೆಲ್ಲ ಬೇಡ, ನೇರ ಆಸ್ಪತ್ರೆಗೆ ಹೋಗಿ.

ಯಾವ ಅಣು ಎಂದು ಖಚಿತವಾಗಿ ತಿಳಿಯಬೇಕಾದರೆ ಚರ್ಮರೋಗ ತಜ್ಞರು ಮಾಡುವ ಪ್ಯಾಚ್ ಟೆಸ್ಟ್ ಒಂದೇ ದಾರಿ. ಸಂಶಯದ ವಸ್ತುಗಳನ್ನು ಹಾಕಿ ಬೆನ್ನಿಗೆ ಅಂಟಿಸಿದ ಪಟ್ಟಿಗಳನ್ನು 48 ಗಂಟೆಗಳ ನಂತರ ತೆಗೆಯುತ್ತಾರೆ, ಮತ್ತೊಂದೆರಡು ದಿನ ಬಿಟ್ಟು ಪುನಃ ನೋಡುತ್ತಾರೆ. ಅಷ್ಟು ದಿನ ಬೆನ್ನು ನೆನೆಯಬಾರದು, ಬೆವರಬಾರದು. ಏಪ್ರಿಲ್, ಮೇ ತಿಂಗಳಲ್ಲಿ ಮಾಡಿಸಿಕೊಳ್ಳುವುದು ಕಷ್ಟ. ಹೋಗುವಾಗ ಕ್ರೀಮು, ಸೋಪು, ತಲೆಬಣ್ಣ, ಉಗುರುಬಣ್ಣ ಎಲ್ಲವನ್ನೂ ಡಬ್ಬಿ ಸಮೇತ ಒಯ್ಯಿರಿ.