ದಣಿದ ಸಂಜೆಯ ಮೊದಲ ದೃಶ್ಯ

ಪ್ರಶ್ನೆ: ಮೇಡಂ, ದಿನಾ ಡೊಂಬಿವಲಿಯಿಂದ ಮುಂಬೈನ ಅಂಧೇರಿಯ ಆಫೀಸಿಗೆ ಹೋಗಿ ಬರುವಷ್ಟರಲ್ಲಿ ಹೈರಾಣಾಗುತ್ತೇನೆ. ಚಿತ್ರಕಥೆ ಬರೆಯುವ ಆಸೆ. ಕೆಲಸ ಬಿಡಲೇ?
– ಓದುಗ, ಡೊಂಬಿವಲಿ

ಉತ್ತರ: ಈಗಲೇ ಬಿಡಬೇಡಿ. ನಾನೂ ಮುಂಬೈನ ಫೋರ್ಟ್ ಪ್ರದೇಶದ ಒಂದು ವಿಮಾ ಕಚೇರಿಯಲ್ಲಿ 9 ವರ್ಷ ಕ್ಲೇಮು ಫೈಲು ನೋಡಿದವಳು. ಮನೆಗೆ ಬಂದರೆ ಮಾತಾಡಲೂ ತ್ರಾಣ ಇರುತ್ತಿರಲಿಲ್ಲ. ಒಂದು ದಿನ ಒಬ್ಬ ಅಜ್ಜಿ, ತೀರಿಹೋದ ಗಂಡನ ಕಾಗದಪತ್ರ ತಂದಿದ್ದರು. ಎಲ್ಲ ಕೊಟ್ಟಾದ ಮೇಲೆ ಚೀಲದಿಂದ ಗಂಡನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಇದೂ ಬೇಕಾ?" ಅಂದರು. ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿತ್ತು. ಆ ಸಂಜೆ ಸಿಎಸ್‌ಎಂಟಿ ರೈಲು ನಿಲ್ದಾಣದಿಂದ ಠಾಣೆಯವರೆಗೆ ಲೋಕಲ್‌ನಲ್ಲಿ ಕೂತು ಅದನ್ನೇ ಬರೆದೆ. ದಣಿವು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ದಿನಕ್ಕೆ ಒಂದೇ ಪುಟ ಬರೆಯಿರಿ. ಚಿತ್ರಕಥೆಯ ಒಂದು ಪುಟ ತೆರೆಯ ಮೇಲೆ ಸುಮಾರು 1 ನಿಮಿಷ. 120 ಪುಟಕ್ಕೆ ನಾಲ್ಕು ತಿಂಗಳು ಸಾಕು, ಅಲ್ವಾ? ಕಣ್ಣಿಗೆ ಕಾಣುವುದು, ಕಿವಿಗೆ ಕೇಳುವುದು ಮಾತ್ರ ಬರೆಯಿರಿ. "ಅವಳಿಗೆ ದುಃಖವಾಯಿತು" ಅಂತ ಬೇಡ, ಆ ದಾರ ಸಾಕು. ಯಾರಿಗಾದರೂ ಓದಲು ಕೊಡುವ ಮೊದಲು, ನಿಮ್ಮ ಅಂಧೇರಿಯಲ್ಲೇ ಇರುವ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ಗೆ ಸದಸ್ಯರಾಗಿ ಕಥೆಯನ್ನು ನಿಮ್ಮ ಹೆಸರಿನಲ್ಲಿ ನೋಂದಾಯಿಸಿಕೊಳ್ಳಿ.