ಕೆಲಸ ಸಿಕ್ಕ ಮೇಲೆ ಹೋಗೋಣವೆಂದು ಕಾಯಬೇಡಿ

ಎಂಎಸ್‌ಸಿ ಮುಗಿದು ಮೂರು ತಿಂಗಳಾಗಿದೆ, ಕೆಲಸ ಇನ್ನೂ ಸಿಕ್ಕಿಲ್ಲ, ಒಂದು ನೆಲೆ ಕಂಡ ಮೇಲೆ ಹಳೆಯ ವಿದ್ಯಾರ್ಥಿಗಳ ಸಂಘ ಸೇರಿ ವಿಶ್ವವಿದ್ಯಾನಿಲಯದ ನಂಟು ಉಳಿಸಿಕೊಂಡರೆ ಸಾಲದೇ ಎಂದು ಕೇಳಿದ್ದೀರಿ. ‘ಒಂದು ನೆಲೆ ಕಂಡ ಮೇಲೆ’ ಎಂಬ ನಿಮ್ಮ ಮಾತನ್ನು ಓದಿದಾಗ ನನ್ನ ಹನ್ನೆರಡು ವರ್ಷಗಳು ಕಣ್ಣ ಮುಂದೆ ಬಂದವು. ಅದೇ ಮಾತನ್ನು ನನಗೆ ನಾನೇ ಹೇಳಿಕೊಳ್ಳುತ್ತ ಆ ವರ್ಷಗಳನ್ನು ಕಳೆದೆ.

ನಾನು ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯಲ್ಲಿ ಸಸ್ಯಶಾಸ್ತ್ರ ಓದಿ 2004ರಲ್ಲಿ ಹೊರಬಂದವನು. ಎರಡನೆಯ ವರ್ಷದ ಪ್ರಾಜೆಕ್ಟ್‌ಗಾಗಿ ಮೈಸೂರಿನ ಸುತ್ತಲಿನ ಕೆರೆಗಳ ನೀರಿನಲ್ಲಿ ಮತ್ತು ದಡದ ಕೆಸರಿನಲ್ಲಿ ಬೆಳೆಯುವ ಗಿಡಗಳನ್ನು ಸಂಗ್ರಹಿಸಿದ್ದೆ. ವಿಭಾಗದ ಪಕ್ಕದಲ್ಲೇ ಇರುವ ಕುಕ್ಕರಹಳ್ಳಿ ಕೆರೆಯಿಂದ ಶುರುಮಾಡಿ ಲಿಂಗಾಂಬುಧಿ, ದಳವಾಯಿ ಕೆರೆ, ವರುಣಾ ಕೆರೆಗಳವರೆಗೆ ಸೈಕಲ್ಲಿನಲ್ಲಿ ಓಡಾಡಿ ನೈದಿಲೆ, ನೀರು ಬ್ರಾಹ್ಮಿ, ಹೊನಗೊನೆ, ನಾಲ್ಕು ಎಲೆಗಳ ಮಾರ್ಸಿಲಿಯಾ ಜರೀಗಿಡ, ಜೊಂಡು ಹೀಗೆ 57 ಹರ್ಬೇರಿಯಂ ಹಾಳೆಗಳಾಗುವಷ್ಟು ಗಿಡಗಳನ್ನು ತಂದು, ಹಳೆಯ ಪತ್ರಿಕೆಗಳ ನಡುವೆ ಇಟ್ಟು ಪ್ರೆಸ್ ಬಿಗಿದು, ದಿನವೂ ಕಾಗದ ಬದಲಿಸಿ ಒಣಗಿಸಿದ್ದೆ.

ನಾನು ಮಾಡಿದ ತಪ್ಪು ಅರ್ಥವಾಗಬೇಕಾದರೆ ಹರ್ಬೇರಿಯಂ ಹಾಳೆಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಸುಮಾರು 42 ಸೆಂಟಿಮೀಟರ್ ಉದ್ದ, 28 ಸೆಂಟಿಮೀಟರ್ ಅಗಲದ ದಪ್ಪ ಕಾಗದದ ಮೇಲೆ ಒಣಗಿದ ಗಿಡವನ್ನು ಅಂಟಿಸಿ, ಬಲಗಡೆಯ ಕೆಳಮೂಲೆಯಲ್ಲಿ ಒಂದು ಲೇಬಲ್ ಹಚ್ಚುತ್ತಾರೆ. ಗಿಡದ ಹೆಸರು, ಕುಟುಂಬ, ಎಲ್ಲಿ ಸಿಕ್ಕಿತು, ಯಾವ ದಿನ ಸಿಕ್ಕಿತು, ಯಾರು ತಂದರು, ಸಂಗ್ರಹ ಸಂಖ್ಯೆ ಎಷ್ಟು, ಹೂವಿನ ಬಣ್ಣ ಯಾವುದು ಎಂಬುದೆಲ್ಲ ಅದರಲ್ಲಿರಬೇಕು. ಬಣ್ಣವನ್ನು ಬರೆಯುವುದು ಏಕೆಂದರೆ ಒಣಗಿದ ಮೇಲೆ ಅದು ಉಳಿಯುವುದಿಲ್ಲ. ಗಿಡದ ಹೆಸರು ತಪ್ಪಾಗಿದ್ದರೆ ಐವತ್ತು ವರ್ಷಗಳ ನಂತರವೂ ಬಲ್ಲವರು ನೋಡಿ ತಿದ್ದಬಹುದು; ಸ್ಥಳ ಮತ್ತು ದಿನಾಂಕ ಮಾತ್ರ ಗಿಡವನ್ನು ಎಷ್ಟು ನೋಡಿದರೂ ತಿಳಿಯುವುದಿಲ್ಲ, ಕಿತ್ತು ತಂದವನೇ ಹೇಳಬೇಕು. ನಮ್ಮ ಮೇಷ್ಟ್ರು ಇದನ್ನು ಹೇಳುವಾಗಲೆಲ್ಲ ಮೈಸೂರಿನ ಓರಿಯೆಂಟಲ್ ಲೈಬ್ರರಿಯ ಕಥೆಯನ್ನು ನೆನೆಯುತ್ತಿದ್ದರು. ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಬೆಳಕಿಗೆ ತಂದು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಪ್ರತಿಯನ್ನು ತಂದುಕೊಟ್ಟವರನ್ನು ನಾವು ‘ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು’ ಎಂದಷ್ಟೇ ಹೇಳುತ್ತೇವೆ. ಅಷ್ಟು ದೊಡ್ಡ ಕೊಡುಗೆ ಕೊಟ್ಟವರ ಹೆಸರನ್ನು ಯಾರಾದರೂ ಒಂದು ಚೀಟಿಯಲ್ಲಿ ಬರೆದಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವರು ನಿಜವಾದ ಸಂಕಟದಿಂದ ಹೇಳುತ್ತಿದ್ದರು.

ಕೆರೆಯ ದಡದಲ್ಲಿ ನಿಂತು ಯಾರೂ ಪೂರ್ತಿ ಲೇಬಲ್ ಬರೆಯುವುದಿಲ್ಲ. ಗಿಡಕ್ಕೆ ದಾರದಲ್ಲಿ ಒಂದು ಸಂಖ್ಯೆ ಕಟ್ಟಿ, ಉಳಿದ ವಿವರಗಳನ್ನು ಅದೇ ಸಂಖ್ಯೆಯ ಕೆಳಗೆ ಫೀಲ್ಡ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ನಾನೂ ಹಾಗೆಯೇ ಮಾಡಿದ್ದೆ. ಮೌಖಿಕ ಪರೀಕ್ಷೆ ಹತ್ತಿರ ಬಂದಾಗ ಪರೀಕ್ಷಕರಿಗೆ ತೋರಿಸಬೇಕಾದ 16 ಹಾಳೆಗಳಿಗೆ ಮಾತ್ರ ಅವಸರದಲ್ಲಿ ಲೇಬಲ್ ಬರೆದೆ, ಉಳಿದ 41 ಹಾಳೆಗಳಲ್ಲಿ ಬರೀ ಸಂಖ್ಯೆ ಇತ್ತು. ಒಪ್ಪಿಸಿದ ವರದಿಯಲ್ಲಿ ಗಿಡಗಳ ಹೆಸರಿನ ಪಟ್ಟಿ ಇತ್ತೇ ಹೊರತು ಯಾವ ಸಂಖ್ಯೆಯ ಹಾಳೆ ಯಾವ ಕೆರೆಯದು ಎಂಬುದು ಇರಲಿಲ್ಲ. ಪರೀಕ್ಷೆ ಮುಗಿದ ಮೇಲೆ ಬರೆದುಕೊಡುತ್ತೇನೆ ಎಂದು ಹೇಳಿ, ಹಾಸ್ಟೆಲ್ ಖಾಲಿ ಮಾಡುವಾಗ ಆ ಫೀಲ್ಡ್ ಪುಸ್ತಕವನ್ನು ಟ್ರಂಕಿಗೆ ಹಾಕಿಕೊಂಡು ಹುಣಸೂರು ಕಡೆಯ ನಮ್ಮ ಊರಿಗೆ ಹೊರಟುಹೋದೆ.

ಆ ವರ್ಷದ ದೀಪಾವಳಿಯ ಹೊತ್ತಿಗೆ ಮೇಷ್ಟ್ರಿಂದ ಒಂದು ಇನ್‌ಲ್ಯಾಂಡ್ ಪತ್ರ ಬಂದಿತು. “ನಿನ್ನ ಫೀಲ್ಡ್ ಪುಸ್ತಕ ಇಲ್ಲದೆ 41 ಹಾಳೆ ಹಾಗೇ ಇವೆ. ಒಂದು ಭಾನುವಾರ ತಗೊಂಡು ಬಾ, ಇಬ್ಬರೂ ಕೂತು ಬರೆಯೋಣ. ಊಟ ನಮ್ಮನೇಲೇ” ಎಂದು ಬರೆದಿದ್ದರು. ಆಗ ನಾನು ಹಾಸನದಲ್ಲಿ ಒಂದು ಔಷಧ ಕಂಪನಿಯ ಪ್ರತಿನಿಧಿಯಾಗಿ ವೈದ್ಯರ ಕೋಣೆಗಳ ಮುಂದೆ ಚೀಲ ಹಿಡಿದು ಕಾಯುತ್ತಿದ್ದೆ. ಅದು ಮರ್ಯಾದೆಯ ದುಡಿಮೆಯೇ. ಆದರೆ ಮೇಷ್ಟ್ರು ಇಡೀ ತರಗತಿಯ ಎದುರು “ನೀನು ಸಂಶೋಧನೆಗೆ ಬರಬೇಕು” ಎಂದು ಹೇಳಿದ್ದರು, ನಾನು ಅಧ್ಯಾಪಕ ಹುದ್ದೆಗೂ ಸಂಶೋಧನಾ ಫೆಲೋಶಿಪ್‌ಗೂ ಅರ್ಹತೆ ಕೊಡುವ ಎನ್‌ಇಟಿ ಪರೀಕ್ಷೆಯಲ್ಲಿ ಒಮ್ಮೆ ನಪಾಸಾಗಿದ್ದೆ. ಮುಂದಿನ ಸಲ ಪಾಸಾಗಿ, ಆ ಸುದ್ದಿಯನ್ನೂ ಪುಸ್ತಕವನ್ನೂ ಒಟ್ಟಿಗೆ ತೆಗೆದುಕೊಂಡು ಹೋಗೋಣ ಎಂದುಕೊಂಡೆ. ಮುಂದಿನ ಸಲವೂ ಪಾಸಾಗಲಿಲ್ಲ. ಎರಡನೆಯ ಪತ್ರ ಬಂದಾಗ, ಮೊದಲನೆಯದಕ್ಕೆ ಉತ್ತರ ಬರೆಯದವನು ಈಗ ಏನೆಂದು ಬರೆಯಲಿ ಎಂಬ ಸಂಕೋಚವೂ ಸೇರಿಕೊಂಡಿತು. ಮೂರನೆಯ ಪತ್ರ ಬರಲಿಲ್ಲ.

ನನ್ನ ತಪ್ಪು ಪುಸ್ತಕವನ್ನು ಒಯ್ದದ್ದು ಎಂದು ಬಹಳ ಕಾಲ ತಿಳಿದಿದ್ದೆ. ಅದು ಮರೆವು, ಒಂದು ರಿಜಿಸ್ಟರ್ಡ್ ಅಂಚೆಯಲ್ಲಿ ಸರಿಪಡಿಸಬಹುದಾಗಿದ್ದ ಮರೆವು. ನಿಜವಾದ ತಪ್ಪು ಬೇರೆ: ಪತ್ರದಲ್ಲಿ ಇಲ್ಲದ ಪ್ರಶ್ನೆಗೆ ನಾನು ಉತ್ತರ ಹುಡುಕುತ್ತ ಕುಳಿತೆ. ‘ನೀನು ಈಗ ಏನಾಗಿದ್ದೀಯೆ’ ಎಂದು ಮೇಷ್ಟ್ರು ಕೇಳಿರಲಿಲ್ಲ, ‘ಆ ಗಿಡ ಯಾವ ಕೆರೆಯದು’ ಎಂದು ಕೇಳಿದ್ದರು. ಎರಡನೆಯ ಪ್ರಶ್ನೆಗೆ ಉತ್ತರ ನಮ್ಮ ಅಟ್ಟದ ಮೇಲಿನ ಟ್ರಂಕಿನಲ್ಲಿತ್ತು. ಕೊಡಲು ಉದ್ಯೋಗವಾಗಲಿ, ಪರೀಕ್ಷೆಯಾಗಲಿ, ಹೊಸ ಅಂಗಿಯಾಗಲಿ ಬೇಕಿರಲಿಲ್ಲ.

2009ರಲ್ಲಿ ನಮ್ಮ ಮನೆಯ ಹಂಚು ಇಳಿಸಿ ತಾರಸಿ ಹಾಕಿಸಿದರು. ಆಗ ನಾನು ಹುಬ್ಬಳ್ಳಿಯಲ್ಲಿದ್ದೆ. ಅಟ್ಟದ ಮೇಲಿದ್ದ ಕಾಗದವೆಲ್ಲ ಬಚ್ಚಲ ಒಲೆಗೆ ಹೋಯಿತು. ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂದು ಅವ್ವನಿಗೆ ಹೇಳಬೇಕಾದವನು ನಾನು, ಹೇಳಿರಲಿಲ್ಲ. ಅಲ್ಲಿಂದ ಮುಂದೆ ಸಂಕೋಚದ ಜಾಗದಲ್ಲಿ ಅಪರಾಧಭಾವ ಬಂದು ಕುಳಿತಿತು. 2012ರಲ್ಲಿ ಪಿಎಚ್‌ಡಿಗೆ ಅರ್ಜಿ ಹಾಕುವ ಅವಕಾಶ ಬಂದಾಗ, ಪರಿಚಯ ಪತ್ರ ಕೊಡಬಲ್ಲ ಇಬ್ಬರ ಹೆಸರು ಬರೆಯಬೇಕಾದ ಕಡೆ ಬರೆಯಲು ನನಗೆ ಒಂದೇ ಹೆಸರಿತ್ತು, ಅದನ್ನು ಬರೆಯುವ ಧೈರ್ಯವಿರಲಿಲ್ಲ. ಅರ್ಜಿಯನ್ನು ಮಡಿಸಿಟ್ಟೆ.

2016ರ ಜನವರಿಯಲ್ಲಿ 103ನೆಯ ಭಾರತೀಯ ವಿಜ್ಞಾನ ಕಾಂಗ್ರೆಸ್ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನಡೆಯಿತು. ನಾಲ್ವಡಿ ಕೃಷ್ಣರಾಜ ಒಡೆಯರು 1916ರಲ್ಲಿ ಸ್ಥಾಪಿಸಿದ ವಿಶ್ವವಿದ್ಯಾನಿಲಯಕ್ಕೆ ನೂರು ತುಂಬುತ್ತಿದ್ದ ವರ್ಷ ಅದು. ಪತ್ರಿಕೆಯಲ್ಲಿ ಗಂಗೋತ್ರಿಯ ಚಿತ್ರ ನೋಡಿ ತಡೆಯಲಾರದೆ, ಆ ಗದ್ದಲವೆಲ್ಲ ಮುಗಿದ ಮೇಲೆ ಎರಡು ದಿನ ರಜೆ ಹಾಕಿ ಹೋದೆ. ವಿಭಾಗದ ಬಾಗಿಲಲ್ಲಿ ಅಟೆಂಡರ್ ನನ್ನನ್ನು ನೋಡಿ “ನೀವು ಕೆರೆ ಗಿಡದೋರಲ್ವಾ?” ಎಂದರು. ಮೇಷ್ಟ್ರು ನಿವೃತ್ತರಾಗಿ, 2014ರಲ್ಲಿ ತೀರಿಕೊಂಡಿದ್ದರೆಂದು ಅವರಿಂದಲೇ ತಿಳಿಯಿತು. ಬೀರು ತೆಗೆದಾಗ ನುಸಿಗುಳಿಗೆಯ ವಾಸನೆಯ ನಡುವೆ 41 ಹಾಳೆಗಳೂ ಜೋಡಿಸಿಟ್ಟಂತೆಯೇ ಇದ್ದವು. ಪ್ರತಿಯೊಂದಕ್ಕೂ ಮೇಷ್ಟ್ರು ತಾವೇ ಲೇಬಲ್ ಅಂಟಿಸಿ, ಗಿಡದ ಹೆಸರನ್ನೂ ಕುಟುಂಬವನ್ನೂ ಸಂಗ್ರಹಕಾರನೆಂದು ನನ್ನ ಹೆಸರನ್ನೂ ಶಾಯಿಯಲ್ಲಿ ಬರೆದಿದ್ದರು. ಸ್ಥಳ ಮತ್ತು ದಿನಾಂಕದ ಮುಂದೆ ಮಾತ್ರ ಪೆನ್ಸಿಲಿನಲ್ಲಿ ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಇತ್ತು. ನಾನು ಬಂದಾಗ ಅಳಿಸಿ ಬರೆಯಲು ಅನುಕೂಲವಾಗಲೆಂದೇ ಅವರು ಪೆನ್ಸಿಲ್ ಹಿಡಿದಿರಬೇಕು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನೆಲೆ ಕಂಡ ಮೇಲೆ ಎಂಬ ನಿಮ್ಮ ಷರತ್ತನ್ನೇ ನಾನು ಒಪ್ಪುವುದಿಲ್ಲ. ಸಂಘವನ್ನು ಬೇಕಾದರೆ ನಾಳೆಯೇ ಸೇರಿ, ಅದರಿಂದ ನಷ್ಟವೇನೂ ಇಲ್ಲ. ವಿಶ್ವವಿದ್ಯಾನಿಲಯಗಳ ಗುಣಮಟ್ಟವನ್ನು ಅಳೆಯುವ ನ್ಯಾಕ್ ಮೌಲ್ಯಮಾಪನದಲ್ಲಿ ಹಳೆಯ ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆಯನ್ನೂ ನೋಡುವುದರಿಂದ ವಿಭಾಗಕ್ಕೆ ನಿಮ್ಮ ವಿಳಾಸ ಬೇಕಾಗಿಯೇ ಇರುತ್ತದೆ. ಆದರೆ ಸದಸ್ಯತ್ವದ ರಸೀದಿಯನ್ನು ನಂಟು ಎಂದುಕೊಳ್ಳಬೇಡಿ. ವಿಶ್ವವಿದ್ಯಾನಿಲಯ ಎಂಬುದು ನಿಮ್ಮನ್ನು ಗುರುತು ಹಿಡಿಯುವುದಿಲ್ಲ. ಅಲ್ಲಿರುವ ಒಬ್ಬ ಮೇಷ್ಟ್ರು, ಗ್ರಂಥಾಲಯದ ಒಬ್ಬರು, ಬೀರುವಿನ ಬೀಗದ ಕೈ ಇಟ್ಟುಕೊಂಡ ಒಬ್ಬ ಅಟೆಂಡರ್ ಗುರುತು ಹಿಡಿಯುತ್ತಾರೆ, ಮತ್ತು ಅವರೆಲ್ಲರಿಗೂ ನಿವೃತ್ತಿಯ ವಯಸ್ಸು ಎಂಬುದಿದೆ. ದೇಣಿಗೆಯ ಯೋಚನೆಯನ್ನು ಸಂಬಳ ಬಂದ ಮೇಲೆ ಮಾಡಿ. ಮೊದಲ ವರ್ಷ ನೀವು ಕೊಡಬೇಕಾದದ್ದು ಹಣವಲ್ಲ, ಬಾಕಿ: ಹಿಂದಿರುಗಿಸದ ಪುಸ್ತಕ, ಬೇರೆಯವರಿಗೆ ಅರ್ಥವಾಗುವಂತೆ ಬರೆದಿಡದ ದತ್ತಾಂಶ, ನಿಮ್ಮ ಲ್ಯಾಪ್‌ಟಾಪಿನಲ್ಲಿ ಮಾತ್ರ ಉಳಿದಿರುವ ಪ್ರಾಜೆಕ್ಟಿನ ಕಡತ.

ಇನ್ನೊಂದು ಮಾತನ್ನು ಖಚಿತವಾಗಿ ಹೇಳಬಲ್ಲೆ. ಈಗ ಮೊದಲ ವರ್ಷದಲ್ಲಿರುವ ವಿದ್ಯಾರ್ಥಿಗಳಿಗೆ ಮೂವತ್ತು ವರ್ಷಗಳ ಹಿಂದೆ ಓದಿ ದೊಡ್ಡ ಹುದ್ದೆಗೇರಿದವರ ಭಾಷಣಕ್ಕಿಂತ ಕೆಲಸ ಹುಡುಕುತ್ತಿರುವ ನಿಮ್ಮ ಒಂದು ಗಂಟೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಯಾವ ಪ್ರಾಜೆಕ್ಟ್ ಎಲ್ಲಿ ತೊಡಕಾಯಿತು, ಸಂದರ್ಶನದಲ್ಲಿ ಏನು ಕೇಳಿದರು, ಯಾವ ಅರ್ಜಿಗೆ ಉತ್ತರವೇ ಬರಲಿಲ್ಲ ಎಂಬುದೆಲ್ಲ ನಿಮಗೆ ಈಗ ನೆನಪಿರುತ್ತದೆ. ನೆಲೆ ಕಂಡ ಮೇಲೆ ಅದನ್ನೆಲ್ಲ ಮರೆಯುತ್ತೀರಿ.

ನಾನು ಈಗ ಹಲವು ತಿಂಗಳುಗಳ ಮೊದಲ ಶನಿವಾರ ವಿಭಾಗಕ್ಕೆ ಹೋಗಿ ಹಾಳೆಗಳ ಕೆಲಸಕ್ಕೆ ಕೈ ಹಚ್ಚುತ್ತೇನೆ, ಅದೇ ಕೆರೆಗಳಿಂದ ಹೊಸದಾಗಿ ಗಿಡಗಳನ್ನು ತಂದು ಅಂದೇ ಪೂರ್ತಿ ಲೇಬಲ್ ಬರೆಯುತ್ತೇನೆ. ಅವು ಹಳೆಯವುಗಳ ಜಾಗ ತುಂಬುವುದಿಲ್ಲ. ಕೊಳಚೆ ನೀರು ಮತ್ತು ಜಲಕಳೆ ಸೇರಿ ಹತ್ತು ವರ್ಷಗಳಲ್ಲಿ ಒಂದು ಕೆರೆಯ ಸಸ್ಯಗಳನ್ನೇ ಬದಲಿಸಿಬಿಡಬಲ್ಲವು, 2003ರಲ್ಲಿ ಅಲ್ಲಿ ಏನಿತ್ತು ಎಂದು ಇಂದಿನ ಗಿಡ ಹೇಳಲಾರದು. ಒಬ್ಬ ಸಹಪಾಠಿ ಅಂದು ತೆಗೆದಿದ್ದ ಫೋಟೋಗಳ ಮೂಲೆಯಲ್ಲಿ ಕ್ಯಾಮೆರಾ ಮುದ್ರಿಸಿದ ದಿನಾಂಕವಿದ್ದುದರಿಂದ, ಸಂಖ್ಯೆ ಕಟ್ಟಿದ ಗಿಡವೂ ಹಿಂದಿನ ಏರಿಯೂ ಸ್ಪಷ್ಟವಾಗಿ ಕಾಣುವ ಮೂರು ಹಾಳೆಗಳಿಗೆ ಸ್ಥಳ, ದಿನಾಂಕ ಸಿಕ್ಕವು. ಇನ್ನೂ 38 ಹಾಗೆಯೇ ಇವೆ.

ಆದ್ದರಿಂದ ಈ ವಾರ ನಿಮ್ಮ ಹಾಸ್ಟೆಲ್ ಪೆಟ್ಟಿಗೆಯನ್ನು ಬಿಚ್ಚಿ, ವಿಭಾಗಕ್ಕೆ ಸೇರಬೇಕಾದದ್ದು ಏನಿದೆ ಎಂದು ನೋಡಿ, ಅದನ್ನು ಹಿಡಿದುಕೊಂಡು ಹೋಗಿ. ಏನೂ ಇಲ್ಲದಿದ್ದರೆ ಬರಿಗೈಯಲ್ಲಿ ಹೋಗಿ. ಕೆಲಸ ಸಿಕ್ಕಿತೇ ಎಂದು ಕೇಳಿದರೆ ಇಲ್ಲ ಎನ್ನಿ. ಶನಿವಾರ ಹೋಗುವುದಾದರೆ ಮೊದಲು ಫೋನ್ ಮಾಡಿಕೊಳ್ಳಿ, ಎರಡನೆಯ ಮತ್ತು ನಾಲ್ಕನೆಯ ಶನಿವಾರ ಕಚೇರಿಗೆ ರಜೆ ಇರುತ್ತದೆ.