ಪ್ರಕರಣ: ಪಾರ್ಸೆಲ್ ಬರುವ ಹೊತ್ತು

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಅವರು ಆಪ್ತಸಲಹೆಗೆ ನನ್ನಲ್ಲಿಗೆ ಬಂದದ್ದು ಅತ್ತೆ ಬಿದ್ದ ಮೇಲೆ. ಉಡುಪಿಯಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟು. ಕಣ್ಣಿನ ಪೊರೆಯ ಆಪರೇಷನ್ನಿಗೆಂದು ಊರಿನಿಂದ ಬಂದ ಅತ್ತೆ ರಾತ್ರಿ ಬಚ್ಚಲಿಗೆ ಹೋಗುವಾಗ, ಸೊಸೆ ಆನ್‌ಲೈನಿನಲ್ಲಿ ತರಿಸಿ ರಾಶಿ ಹಾಕಿದ್ದ ರಟ್ಟಿನ ಪೆಟ್ಟಿಗೆ ಎಡವಿದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಕುವೈತ್‌ನಲ್ಲಿರುವ ಗಂಡ ಮಾತ್ರ ಫೋನಿನಲ್ಲೇ ರೇಗಿದರು: "ನಾನು ಬಂದ ದಿನವೇ ಎಲ್ಲ ಗುಜರಿಗೆ."

"ನನಗೆ ಉದಾಸೀನ ಜಾಸ್ತಿ ಮೇಡಂ. ಮನೆ ಒತ್ತರೆ ಮಾಡ್ಲಿಕ್ಕೆ ಆಗುವುದಿಲ್ಲ. ಎಂತ ಮಾಡುವುದು?" ಅಂದರು. ನಲವತ್ತು ದಾಟಿದ ಹೆಂಗಸು. ಒಬ್ಬಳೇ ಮಗಳು ಓದಲು ಬೆಂಗಳೂರು ಸೇರಿ ಒಂದು ವರ್ಷ. ನಾನು ಅವರನ್ನು ಅಕ್ಕ ಅಂತ ಕರೆಯುತ್ತಿದ್ದೆ. ಇಲ್ಲಿಯೂ ಹಾಗೇ ಇರಲಿ.

ಮೊದಲ ತಪ್ಪು ನನ್ನದೇ. ಉದಾಸೀನ ಅನ್ನುವ ಮಾತನ್ನು ನಂಬಿ ಸ್ವಚ್ಛ ಮಾಡುವ ಪಟ್ಟಿ ಹಾಕಿಕೊಟ್ಟೆ. ಈ ವಾರ ಒಂದು ಕೋಣೆ, ಮುಂದಿನ ವಾರ ಅಡುಗೆಮನೆ, ಹೀಗೆ. ಅಕ್ಕ ಒಂದೇ ಭಾನುವಾರದಲ್ಲಿ ಮಗಳ ಕೋಣೆ ಖಾಲಿ ಮಾಡಿ ಫೋಟೋ ಕಳಿಸಿದರು. ಉದಾಸೀನದ ಹೆಂಗಸು ಮಾಡುವ ಕೆಲಸವಲ್ಲ ಅದು. ಮೂರು ವಾರದಲ್ಲಿ ಕೋಣೆ ಮತ್ತೆ ತುಂಬಿತು. ಈ ಸಲ ತುಂಬಿದ್ದು ಏನು ಗೊತ್ತಾ? ಸಾಮಾನು ಜೋಡಿಸಿ ಇಡಲಿಕ್ಕೆಂದು ತರಿಸಿದ ಪ್ಲಾಸ್ಟಿಕ್ ಡಬ್ಬಿಗಳು, ಮಡಚುವ ಬುಟ್ಟಿಗಳು, ಒಂದು ಸ್ಟೀಲ್ ರ‍್ಯಾಕ್. ರ‍್ಯಾಕಿನ ಪೆಟ್ಟಿಗೆ ಬಿಚ್ಚಿರಲೇ ಇಲ್ಲ.

ಆಗ ಪಟ್ಟಿ ಬಿಟ್ಟು ಒಂದು ನೋಟ್‌ಪುಸ್ತಕ ಕೊಟ್ಟೆ. ಏನು ಕೊಂಡಿರಿ ಅಂತ ಬರೆಯುವುದು ಬೇಡ, ಎಷ್ಟು ಗಂಟೆಗೆ ಆರ್ಡರ್ ಮಾಡಿದಿರಿ, ಅದಕ್ಕೆ ಸ್ವಲ್ಪ ಮುಂಚೆ ಏನಾಗುತ್ತಿತ್ತು, ಇಷ್ಟೇ ಬರೆಯಿರಿ ಅಂದೆ. ಎರಡು ವಾರದಲ್ಲಿ ಹತ್ತೊಂಬತ್ತು ಆರ್ಡರ್. ಅದರಲ್ಲಿ ಹದಿನಾಲ್ಕು ರಾತ್ರಿ ಹತ್ತರ ಮೇಲೆ. ಕುವೈತ್ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ಗಂಡ ಕೆಲಸ ಮುಗಿಸಿ ಅಲ್ಲಿನ ಏಳಕ್ಕೆ ಫೋನ್ ಮಾಡಿದರೆ ಇಲ್ಲಿ ಒಂಬತ್ತೂವರೆ. ಮಾತು ಮುಗಿಯುತ್ತದೆ. ಮನೆಯಲ್ಲಿ ಸದ್ದಿಲ್ಲ. ಫೋನು ಇನ್ನೂ ಕೈಯಲ್ಲೇ ಇದೆ.

"ಬಂದ ಪಾರ್ಸೆಲ್ ಬಿಚ್ಚುವಾಗ ಖುಷಿ ಆಗ್ತದಾ ಅಕ್ಕ?" ಕೇಳಿದೆ. ತುಂಬ ಹೊತ್ತು ಯೋಚಿಸಿದರು. "ಇಲ್ಲ. ನಾಳೆ ಬರ್ತದೆ ಅಂತ ಮೆಸೇಜ್ ಬರ್ತದಲ್ಲ, ಆಗ ಖುಷಿ. ಮತ್ತೆ ಬೆಲ್ ಆಗುವಾಗ."

ಇದು ಅವರೊಬ್ಬರ ಕಥೆಯಲ್ಲ. 1990ರ ದಶಕದಲ್ಲಿ ವುಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಮಂಗಗಳಿಗೆ ಹಣ್ಣಿನ ರಸ ಕೊಟ್ಟು ಅವುಗಳ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬಿಡುವ ಕೋಶಗಳನ್ನು ಗಮನಿಸಿದರು. ಮೊದಮೊದಲು ರಸ ಸಿಕ್ಕಾಗ ಆ ಕೋಶಗಳು ಚುರುಕಾಗುತ್ತಿದ್ದವು. ಸೂಚನೆ ಸಿಕ್ಕರೆ ಹಿಂದೆಯೇ ರಸ ಬರುತ್ತದೆ ಅಂತ ಮಂಗಕ್ಕೆ ಅಭ್ಯಾಸವಾದ ಮೇಲೆ, ಸೂಚನೆಗೇ ಚುರುಕಾಗತೊಡಗಿದವು. ರಸಕ್ಕೆ ಅಲ್ಲ. ಅಕ್ಕನಿಗೆ ಇದನ್ನು ಹೇಳಿದಾಗ ಜೋರಾಗಿ ನಕ್ಕರು. "ಹಾಗಾದ್ರೆ ನಾನು ಮಂಗವಾ?" ಅಲ್ಲಿಂದ ಮಾತು ಸಲೀಸಾಯಿತು.

ಇದು ವಸ್ತು ಕೂಡಿಡುವ ಕಾಯಿಲೆಯಾ ಅಂತ ಗಂಡ ಕೇಳಿದ್ದರು. ಅಮೆರಿಕದ ಮನೋವೈದ್ಯರ ಸಂಘ 2013ರ ಕೈಪಿಡಿಯಲ್ಲಿ ಅದನ್ನು ಪ್ರತ್ಯೇಕ ಕಾಯಿಲೆಯಾಗಿ ಸೇರಿಸಿದೆ. ಆ ಕಾಯಿಲೆ ಇರುವವರಿಗೆ ಹಳೇ ರಸೀದಿ ಬಿಸಾಡುವುದೂ ಸಂಕಟ. ಅಕ್ಕನಿಗೆ ಬಿಸಾಡಲು ಕಷ್ಟವೇ ಇರಲಿಲ್ಲ. ತರುವುದು ನಿಲ್ಲುತ್ತಿರಲಿಲ್ಲ, ಅಷ್ಟೆ. ಸಾಲ ಇಲ್ಲ, ನಿದ್ದೆ ಸರಿ ಇದೆ ಅಂತ ಖಚಿತಪಡಿಸಿಕೊಂಡೇ ಮುಂದೆ ಹೋದೆ. ಇವೆರಡರಲ್ಲಿ ಒಂದು ಕೆಟ್ಟಿದ್ದರೂ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಯಾರ ಹತ್ತಿರ ಹೋಗುವುದು ಅಂತ ಗೊತ್ತಾಗದವರು ಸರಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಸಲಹೆಯಲ್ಲಿ ಮನೆಯನ್ನು ಮುಟ್ಟಲಿಲ್ಲ, ರಾತ್ರಿ ಹತ್ತು ಗಂಟೆಯನ್ನು ಮುಟ್ಟಿದೆ. ಗಂಡನ ಕರೆ ಮುಗಿದ ಕೂಡಲೇ ಫೋನು ಅತ್ತೆಯ ಕೋಣೆಯಲ್ಲಿ ಚಾರ್ಜಿಗೆ. ಆಪ್‌ಗಳ ನೋಟಿಫಿಕೇಶನ್ ಬಂದ್. ಅದರಲ್ಲಿ ಸೇವ್ ಮಾಡಿಟ್ಟ ಕಾರ್ಡು ಅಳಿಸಿ, ಪಾರ್ಸೆಲ್ ಬಂದಾಗ ನೋಟು ಎಣಿಸಿ ಕೊಡುವುದು. ಇದೊಂದು ತುಂಬ ಕೆಲಸ ಮಾಡಿತು. ಸಣ್ಣಪುಟ್ಟದಕ್ಕೆ ತಿಂಗಳಿಗೆ ಮೂರು ಸಾವಿರ ಆಗ್ತದೆ ಅಂದುಕೊಂಡಿದ್ದರು. ಕೂಡಿಸಿದರೆ ಹನ್ನೊಂದು ಸಾವಿರ ದಾಟಿತ್ತು. ಬೇಕು ಅನ್ನಿಸಿದ್ದನ್ನು ಆಪ್‌ನ ಕಾರ್ಟಿನಲ್ಲಿ ಬಿಡಬೇಡಿ, ಫ್ರಿಜ್ಜಿನ ಮೇಲೆ ಚೀಟಿಯಲ್ಲಿ ಬರೆಯಿರಿ ಅಂದೆ. ಕಾರ್ಟು ಸುಮ್ನೆ ಇರುವುದಿಲ್ಲ, ರೇಟು ಇಳಿಯಿತು ಅಂತ ಕರೆಯುತ್ತಲೇ ಇರುತ್ತದೆ. ಚೀಟಿಗೆ ಬಾಯಿಲ್ಲ. ಇನ್ನೊಂದು ಪ್ರಶ್ನೆ: ಎಲ್ಲಿ ಇಡುವುದು? ಉತ್ತರ ಮನೆಯಲ್ಲಿ ಈಗಾಗಲೇ ಇರುವ ಜಾಗ ಆಗಿರಬೇಕು. ಆರು ತಿಂಗಳು ಹೊಸ ಡಬ್ಬಿ, ರ‍್ಯಾಕ್ ಯಾವುದೂ ಇಲ್ಲ.

ಗಂಡನ ಜೊತೆಗೂ ಒಮ್ಮೆ ಫೋನಿನಲ್ಲಿ ಮಾತಾಡಿದೆ. ಹೆಂಡತಿಗೆ ಗೊತ್ತಿಲ್ಲದೆ ಒಂದು ಚಮಚವನ್ನೂ ಗುಜರಿಗೆ ಹಾಕಬೇಡಿ, ಹಾಕಿದರೆ ಹೆದರಿ ಇನ್ನೂ ಜಾಸ್ತಿ ತರುತ್ತಾರೆ ಅಂದೆ. ರಜೆಗೆ ಬಂದಾಗಲೆಲ್ಲ ಅವರೇ ತಂದ ಸೋಪು, ಸೆಂಟು, ಹಾಲಿನ ಪುಡಿಯ ಎರಡು ದೊಡ್ಡ ಪೆಟ್ಟಿಗೆ ಮಂಚದ ಅಡಿಯಲ್ಲೇ ಇರುವುದನ್ನೂ ನೆನಪಿಸಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ.

ಖಾಲಿ ಮಾಡುವುದು ಬಚ್ಚಲಿನ ದಾರಿಯಿಂದ ಶುರುವಾಯಿತು, ಅತ್ತೆಗಾಗಿ. ಅಷ್ಟೊತ್ತಿಗೆ ಮಳೆ ಹಿಡಿದಿತ್ತು. ನಮ್ಮ ಕರಾವಳಿಯ ಮಳೆಗಾಲದಲ್ಲಿ ರಟ್ಟು ತೇವ ಎಳೆಯುತ್ತದೆ. ಹಿಂದಿನ ವರ್ಷ ಆಟಿ ಎಂಬ ತುಳು ತಿಂಗಳ ಸೇಲಿನಲ್ಲಿ ತಂದ ಮೂರು ಸೀರೆ ಬಿಚ್ಚದೆ ಹಾಗೇ ಇದ್ದವು. ಮಡಿಕೆಯುದ್ದಕ್ಕೂ ಬೂಸ್ಟು. ಅದನ್ನು ಹೇಳುವಾಗ ಅಕ್ಕ ಅತ್ತರು. ಸೀರೆಗಲ್ಲ. "ಮಗಳು ಬೆಂಗಳೂರಿಗೆ ಹೋದ ತಿಂಗಳಲ್ಲೇ ತಂದದ್ದು ಮೇಡಂ." ನಾನು ಏನೂ ಹೇಳಲಿಲ್ಲ.

ಅದೇ ರಾಶಿಯ ಕೆಳಗೆ, ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ ಚೆನ್ನೆಮಣೆ ಸಿಕ್ಕಿತಂತೆ. ಅತ್ತೆ ಮದುವೆಯಾಗಿ ಬರುವಾಗ ತಂದದ್ದು. ಹದಿನಾಲ್ಕು ಗುಳಿ, ಒಂದೊಂದರಲ್ಲಿ ನಾಲ್ಕರಂತೆ ಐವತ್ತಾರು ಕಾಯಿ. ಕಾಯಿಗಳು ಕಳೆದಿದ್ದವು. ಹೊಸತು ಆರ್ಡರ್ ಮಾಡಲೇ ಅಂತ ಅಕ್ಕ ನನಗೆ ಫೋನ್ ಮಾಡಿದರು! ಅತ್ತೆ ಬಿಡಲಿಲ್ಲ. ಹುಣಸೆ ಬೀಜ ಉಂಟಲ್ಲ, ಆಟಿ ಬರಲಿ, ಆಡುವ ಅಂದರಂತೆ. ಜುಲೈ ಮಧ್ಯದಿಂದ ದಿನಾ ಹತ್ತು ಗಂಟೆಗೆ ಇಬ್ಬರೂ ಮಣೆಯ ಮುಂದೆ. ಅತ್ತೆ ಮೋಸ ಮಾಡುತ್ತಾರೆ ಅನ್ನುವುದು ನನಗೆ ಬಂದ ವರದಿ.

ಎಲ್ಲ ಸರಿಯಾಯಿತು ಅಂತಲ್ಲ. ಆಗಸ್ಟಿನಲ್ಲಿ ಒಂದು ವಾರ ಅತ್ತೆ ಊರಿಗೆ ಹೋದಾಗ ನಾಲ್ಕು ಪಾರ್ಸೆಲ್ ಬಂದವು. ಎರಡನ್ನು ವಾಪಸು ಕಳಿಸಿದರು. ಒಂದು ಕೋಣೆ ಇನ್ನೂ ಅರ್ಧ ತುಂಬಿದೆ.

ಸೆಪ್ಟೆಂಬರಿನಲ್ಲಿ ಕೊನೆಯ ಸಲ ಬಂದಾಗ, ಒಂದು ಕೊಡೆ ತರಿಸಿದೆ ಅಂದರು. ಹಳೆಯದರ ಕಡ್ಡಿ ಮುರಿದಿತ್ತಂತೆ.

"ಎಲ್ಲಿ ಇಡುವುದು?" ಕೇಳಿದೆ.

"ಬಾಗಿಲ ಹಿಂದೆ. ಮೊಳೆ ಉಂಟು."